ಹಿತ್ತಿಲಲ್ಲೊಂದು ಕೋಳಿಗೂಡು



ವಕೀಲಿ ವೃತ್ತಿಯವರಾದ ನಾವು ಕೋಳಿಯ ವಿಷಯವನ್ನೆತ್ತಿಕೊಂಡು ನಿಂತದ್ದನ್ನು ಕಂಡು ಕೆಲವರ ಮುಖದಲ್ಲಿ ನಗೆ ಮೂಡಿರುವದು ಇಲ್ಲಿಂದಲೇ ಕಾಣುತ್ತಿದೆ. ಆ ನಗೆಯೇ ಇಂದಿನ ನಮ್ಮ ಮಾತಿಗೆ ಪೀಠಿಕೆ. ಓದು ಬರಹ ಬಲ್ಲ ಜನರು ತತ್ತಿಯನ್ನು ಅಂಗಡಿಯಿಂದ ಕೊಂಡು ತರಲು ನಾಚುವದಿಲ್ಲ. ಅದನ್ನಿಟ್ಟ ಹೇಂಟೆಗೆ ಒಂದು ಹಿಡಿ ಕಾಳು ಹಾಕಲು ಮಾತ್ರ ನಾಚುತ್ತಾರೆ. ಅದು ರೈತರ ಕೆಲಸ, ಕೂಲಿಕಾರರ ಕೆಲಸ ಎಂಬ ಭಾವನೆ ನಮ್ಮ ಪಟ್ಟಣಗಳಲ್ಲಿ ಇನ್ನೂ ಅಳಿದಿಲ್ಲ. ಇತ್ತ ಹಿತ್ತಿಲು ತಿಪ್ಪೆಯಾಗಿ ಬಿದ್ದಿರುತ್ತದೆ.

ಶಿಕ್ಷಕ ಮಿತ್ರರಿಗೆ ತತ್ತಿಯ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. 2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ತತ್ತಿ ಕೊಡಲಾರಂಭಿಸಿದರು. ಅದರ ಬೆನ್ನಿಗೆ ಉಳಿದ ಜಿಲ್ಲೆಗಳಿಗೂ ಅದು ಬಂದಿತು. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಮು ಪ್ರೋಟೀನಿದೆ. ಶಾಲೆಗೆ ರಜೆಯಿದ್ದ ದಿನ ಮಗುವಿಗೆ ಅದು ಮನೆಯಿಂದಲೇ ದೊರೆಯಬೇಕಲ್ಲವೇ? ತಿನ್ನಲೊಲ್ಲದವರನ್ನು ನಾವು ಒತ್ತಾಯಿಸುವವರಲ್ಲ. ಹುಂಜವಿಲ್ಲದೆಯೂ ಹೇಂಟೆ ತತ್ತಿಯಿಡುತ್ತದೆ, ಅದರಲ್ಲಿ ಮರಿಯಾಗುವ ಜೀವವಿರುವದಿಲ್ಲ. ಹಾಲು ಕುಡಿಯುವವನಿಗೆ ಇಂಥ ತತ್ತಿ ನಿಷಿದ್ಧವಾಗಲಾರದೆಂದು ಗಾಂಧೀಜಿಯವರು 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲಿ ಅಭಿಪ್ರಾಯಪಟ್ಟಿದ್ದಾರೆಂಬದನ್ನು ಮಾತ್ರ ತಿಳಿಸಿ ಮುಂದಕ್ಕೆ ಹೋಗುತ್ತೇವೆ.

ಇನ್ನು ಗೂಡಿನ ಮಾತು. ಹಿತ್ತಿಲ ಕೋಳಿ ಹಸಿವಿನಿಂದ ಸತ್ತುದನ್ನು ನಾವು ಕಂಡಿಲ್ಲ. ಅಗುಳಿ ಹಾಕದ ಬಾಗಿಲಿನಿಂದಲೂ ಒದ್ದೆ ನೆಲದಿಂದಲೂ ಸತ್ತುದನ್ನು ಬೇಕಾದಷ್ಟು ಕಂಡಿದ್ದೇವೆ. ಆದುದರಿಂದ ಕೋಳಿಗೆ ಮೊದಲು ಗೂಡು, ಆಮೇಲೆ ಕೋಳಿ. ಸಂತೆಯಲ್ಲಿ ಹೇಂಟೆ ಕೊಂಡು ತಂದು ಆ ರಾತ್ರಿ ಬುಟ್ಟಿ ಮುಚ್ಚಿಡುವವನು ಬೆಳಗಿಗೆ ಪುಕ್ಕಗಳನ್ನೆಣಿಸಬೇಕಾಗುತ್ತದೆ.

ಆರು ಹೇಂಟೆಗಳಿಂದ ಪ್ರಾರಂಭಿಸಿರಿ. ಹಗಲು ಹೊರಗೆ ತಿರುಗಾಡುವ ಕೋಳಿಗೆ ರಾತ್ರಿ ಒಂದೊಂದಕ್ಕೆ 3 ಚದರ ಅಡಿ ಹಿಡಿದರೆ, 6 ಅಡಿ ಉದ್ದ, 3 ಅಡಿ ಅಗಲದ ಗೂಡು ಸಾಕು. ಉದ್ದವು ಪೂರ್ವ-ಪಶ್ಚಿಮವಾಗಿರಲಿ, ಹಾಗಿದ್ದರೆ ಬಿಸಿಲು ನೇರವಾಗಿ ಒಳನುಗ್ಗದು. ನೆಲದಿಂದ ಎರಡಡಿ ಎತ್ತರಕ್ಕೆ ಕಲ್ಲು ಕಂಬಗಳ ಮೇಲೆ ನಿಲ್ಲಿಸಿದರೆ ಮಳೆಯ ನೀರೂ ಹೆಗ್ಗಣವೂ ದೂರ. ಮೇಲೆ ತಗಡು ಹಾಕಿದವರು ಚೈತ್ರ ವೈಶಾಖಗಳಲ್ಲಿ ಪಶ್ಚಾತ್ತಾಪ ಪಡುತ್ತಾರೆ, ಹೆಂಚು ಲೇಸು. ಗೋಡೆ ಕೆಳಗೆ ಒಂದಡಿ ಗಟ್ಟಿಯಾಗಿರಲಿ, ಮೇಲೆ ಗಾಳಿಯಾಡುವಂತೆ ತಂತಿಯ ಜಾಲರಿಯಿರಲಿ. ಜಾಲರಿಯ ಕಣ್ಣು ಅರ್ಧ ಅಂಗುಲಕ್ಕಿಂತ ದೊಡ್ಡದಾಗಬಾರದು. ಪೇಟೆಯಲ್ಲಿ ಅಗ್ಗಕ್ಕೆ ದೊರೆಯುವ ದೊಡ್ಡ ಕಣ್ಣಿನ ತೆಳು ಜಾಲರಿ ಕೋಳಿಯನ್ನು ಒಳಗಿಡುವದೇ ಹೊರತು ಹಾವನ್ನೂ ಎಳೆಯ ಮುಂಗುಸಿಯನ್ನೂ ಹೊರಗಿಡುವದಿಲ್ಲ. ನಾಯಿಯಂತೂ ಅದನ್ನು ಹರಿದೇ ಬಿಡುತ್ತದೆ.

ಒಳಗೆ ಕೂಡ್ರಲು ನುಣುಪಾದ ಅಡ್ಡಗೋಲುಗಳು ಬೇಕು. ಅವೆಲ್ಲವೂ ಒಂದೇ ಎತ್ತರದಲ್ಲಿರತಕ್ಕದ್ದು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಮೇಲಿನ ಪೀಠಕ್ಕಾಗಿ ಸಂಜೆಯೆಲ್ಲ ಕಾದಾಟ. ಸಮಿತಿಗಳ ಚುನಾವಣೆಗಳನ್ನು ಕಂಡ ನಮಗೆ ಇದೇನೂ ಹೊಸದಲ್ಲ. ತತ್ತಿಯಿಡಲು ಒಂದಡಿ ಚೌಕದ ಎರಡು ಪೆಟ್ಟಿಗೆಗಳು ಮಬ್ಬುಗತ್ತಲೆಯ ಮೂಲೆಯಲ್ಲಿ, ಅಡ್ಡಗೋಲಿಗಿಂತ ಕೆಳಗೆ ಇರಲಿ. ಮೇಲಿದ್ದರೆ ಕೋಳಿಗಳು ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ.

ನೆಲಕ್ಕೆ ಭತ್ತದ ಹೊಟ್ಟನ್ನೋ ಮರದ ಹೊಟ್ಟನ್ನೋ ಮೂರು ನಾಲ್ಕು ಅಂಗುಲ ಹರಡಿ, ವಾರಕ್ಕೊಮ್ಮೆಯಾದರೂ ಕೆದಕಿ ತಿರುವಬೇಕು. ಹಸಿಯಾದ ಭಾಗವನ್ನು ಕೂಡಲೇ ತೆಗೆಯಬೇಕು. ಪರೀಕ್ಷೆ ಸುಲಭ. ಬೆಳಿಗ್ಗೆ ಬಾಗಿ ಗೂಡಿನೊಳಗೆ ತಲೆಯಿಡಿರಿ. ನಿಮ್ಮ ಕಣ್ಣು ಉರಿದರೆ ರಾತ್ರಿಯೆಲ್ಲ ಕೋಳಿಯ ಕಣ್ಣೂ ಉರಿದಿದೆ. ತೆಗೆದ ಗೊಬ್ಬರವನ್ನು ಗುಂಡಿಯಲ್ಲಿ ಕೊಳೆಸಿದ ಮೇಲೆಯೇ ಗಿಡಕ್ಕೆ ಹಾಕುವದು. ಹಸಿಯದು ಬೇರನ್ನು ಸುಡುತ್ತದೆ. ಹತ್ತಿರದಲ್ಲಿ ಒಣ ಮಣ್ಣು ಬೂದಿಗಳ ಒಂದು ತಗ್ಗಿದ್ದರೆ ಕೋಳಿಗಳು ಅದರಲ್ಲಿ ಹೊರಳಿ ಹೇನು ಕಳೆದುಕೊಳ್ಳುತ್ತವೆ.

ಆಹಾರದ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. ಅಡಿಗೆಮನೆಯ ಉಳಿಕೆಯಿಂದಲೇ ಕೋಳಿ ಬದುಕಿ ತತ್ತಿಯನ್ನೂ ಇಡುವದೆಂಬ ಆಸೆ ವ್ಯರ್ಥ. ತತ್ತಿಯಿಡುವ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಮು ತೂಕದ ಆಹಾರವೂ, ಸದಾ ಸ್ವಚ್ಛ ನೀರೂ ಬೇಕು. ಜೋಳ ಅಥವಾ ಗೋವಿನಜೋಳದ ನುಚ್ಚು, ತೌಡು, ಹಿಂಡಿ, ಚಿಪ್ಪು ಗಟ್ಟಿಯಾಗಲು ಸುಣ್ಣದ ಕಲ್ಲಿನ ಹರಳು. ಉಳಿದುದನ್ನು ಅದು ಹಿತ್ತಿಲಲ್ಲಿ ಕೆದಕಿ ಗಳಿಸಲಿ. ಆದರೆ ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಮಾತ್ರ, ಅಗ್ಗವಾಗಿ ಸಿಕ್ಕಿತೆಂದು, ಎಂದೂ ಹಾಕಕೂಡದು. ಅದರ ವಿಷ ನೇರವಾಗಿ ಯಕೃತ್ತಿಗೆ ತಾಗುತ್ತದೆ.

ತಳಿ ಯಾವುದೆಂದು ಕೇಳುವಿರಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ ಮೈತೂಕದಲ್ಲಿ ಹಿರಿದು. ಅನಂತರ ಬಂದ ಸ್ವರ್ಣಧಾರೆ ಹಗುರ, ಆದುದರಿಂದ ಶತ್ರುವಿನಿಂದ ತಪ್ಪಿಸಿಕೊಳ್ಳುವದರಲ್ಲಿ ಚುರುಕು. ಎರಡೂ ನಾಟಿಗಿಂತ ಹೆಚ್ಚು ತತ್ತಿ ಕೊಡುತ್ತವೆ, ಆದರೆ ಕಾವು ಕೂಡುವದಿಲ್ಲ. 21 ದಿನ ಮೈಸುಟ್ಟುಕೊಂಡು ಕಾವು ಕೊಟ್ಟು ಮರಿ ಮಾಡುವ ತಾಯ್ತನ ನಾಟಿ ಹೇಂಟೆಯದು. ಅಂಥದೊಂದನ್ನಾದರೂ ಇಟ್ಟುಕೊಂಡಿರಿ. ಮರಿಗಳು ಬೇಕಿಲ್ಲದವರಿಗೆ ಹುಂಜವೂ ಬೇಕಿಲ್ಲ. ನೆರೆಯವರ ನಿದ್ದೆ ಕೆಡಿಸಿದ ಹುಂಜವು ನ್ಯಾಯಾಲಯದ ಕಟ್ಟೆ ಹತ್ತಿದರೆ ಲಾಭ ನಮ್ಮಂಥವರಿಗೇ ಹೊರತು ಕೋಳಿಗಲ್ಲ. ಪುರಸಭೆಯ ನಿಯಮವನ್ನೂ ನೆರೆಯವರ ಮನಸ್ಸನ್ನೂ ಮೊದಲೇ ಕೇಳಿ ತಿಳಿಯುವದು ಜಾಣತನ.

ಒಂದು ಮಾತನ್ನು ಗಂಡಸರಿಗೆ ಖಂಡಿತವಾಗಿ ಹೇಳಬೇಕಾಗಿದೆ. ನಸುಕಿನಲ್ಲಿ ಗೂಡಿನ ಬಾಗಿಲು ತೆರೆಯುವವರು, ಸಂಜೆ ಎಣಿಸಿ ಮುಚ್ಚುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳೇ. ತತ್ತಿ ಮಾರಿದ ಹಣವು ಅವರ ಕೈಯಲ್ಲಿಯೇ ಉಳಿಯತಕ್ಕದ್ದು. ದುಡಿಮೆ ಅವರದು, ಲೆಕ್ಕ ನಮ್ಮದು ಎಂಬ ಏರ್ಪಾಟಿನಲ್ಲಿ ಯಾವ ಗೂಡೂ ಎರಡನೆಯ ವರ್ಷ ಕಾಣುವದಿಲ್ಲ.

ಕೊನೆಗೆ, ರೋಗ. ಕೊಕ್ಕರೆ ರೋಗವೆಂದು ನಮ್ಮವರು ಕರೆಯುವ ರಾಣಿಖೇತ ರೋಗವು ಹೊಕ್ಕರೆ ಓಣಿಗೆ ಓಣಿಯೇ ಬರಿದು: ಹಸಿರು ಭೇದಿ, ತಿರುಚಿದ ಕುತ್ತಿಗೆ, ಮರಣ. ಔಷಧವಿಲ್ಲ, ಲಸಿಕೆಯೊಂದೇ ದಾರಿ. ಮರಿಗೆ ಮೊದಲ ವಾರದಲ್ಲಿ ಹನಿ ಲಸಿಕೆ, ಸುಮಾರು ಎಂಟು ವಾರಕ್ಕೆ ಚುಚ್ಚುಮದ್ದು, ಮುಂದೆ ಪಶುವೈದ್ಯರು ಹೇಳಿದಂತೆ. ಇಲ್ಲಿಯೇ ಒಂಟಿ ಮನೆಯ ತೊಡಕು. ಒಂದು ಸೀಸೆಯಲ್ಲಿ ನೂರು ಕೋಳಿಗಳಿಗೋ ಅದಕ್ಕೂ ಹೆಚ್ಚಿಗೋ ಸಾಲುವಷ್ಟು ಲಸಿಕೆಯಿರುತ್ತದೆ, ಕರಗಿಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಅದು ನಿಷ್ಪ್ರಯೋಜಕ, ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಆರು ಕೋಳಿಯವನಿಗಾಗಿ ಸೀಸೆ ಒಡೆಯುವವರಾರು? ಓಣಿಯವರೆಲ್ಲ ಒಂದೇ ದಿನ ಒಟ್ಟುಗೂಡಿದರೆ ಈ ತೊಡಕೇ ಇಲ್ಲ. ಹಾಗೆಯೇ, ಕೋಳಿಗಳು ಏಕಾಏಕಿ ಗುಂಪಾಗಿ ಸತ್ತರೆ ಬರಿಗೈಯಿಂದ ಮುಟ್ಟದೆ, ಮಾರದೆ, ಗೋಡೆಯಾಚೆ ಎಸೆಯದೆ ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿರಿ. 2025ರಲ್ಲಿ ಹಕ್ಕಿಜ್ವರವು ನಮ್ಮ ರಾಜ್ಯಕ್ಕೂ ಬಂದುದನ್ನು ನೀವು ಬಲ್ಲಿರಿ.

ಕೋಳಿಯಿದ್ದವರೂ ಸಾಕಲಿಚ್ಛಿಸುವವರೂ ಸಭೆ ಮುಗಿದ ಕೂಡಲೇ ತಮ್ಮ ಓಣಿಯ ಹೆಸರನ್ನೂ ಕೋಳಿಗಳ ಸಂಖ್ಯೆಯನ್ನೂ ಬಾಗಿಲ ಬಳಿಯ ಮೇಜಿನ ಮೇಲಿರುವ ಪುಸ್ತಕದಲ್ಲಿ ಬರೆಯಿಸಿರಿ. ನೂರು ತುಂಬಿದ ದಿನ ಆ ಪಟ್ಟಿಯನ್ನು ಪಶುವೈದ್ಯರಲ್ಲಿಗೆ ನಾವೇ ಒಯ್ಯುತ್ತೇವೆ.