ಕೊನೆಯ ಪುಟಗಳಿಲ್ಲದ ಬೆಳ್ಳಿಮೋಡ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಮುಖ್ಯಗುರುಗಳು ನನಗೆ ಫೋನ್ ಮಾಡಿದಾಗ, "ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಕ ಮಾತ ಹೇಳ್ರಿ" ಎಂದಿದ್ದರು. ಕಂಪ್ಯೂಟರ್ ಬಗ್ಗೆ ಈ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ಅವರ ಒಪ್ಪಿಗೆ ಪಡೆದು ಬೇರೆ ವಿಷಯ ತಂದಿದ್ದೇನೆ: ನಮ್ಮ ಅವ್ವಂದಿರು ಓದುತ್ತಿದ್ದ ಪ್ರೇಮಕಾದಂಬರಿಗಳು. ಹಿಂದೆ ಕೂತ ಹುಡುಗರು ನಗುತ್ತಿದ್ದಾರೆ. ನಗಲಿ, ನಾನೂ ನಕ್ಕವನೇ.

ನನ್ನ ಅವ್ವ ಈ ಶಾಲೆಯಲ್ಲೇ ಓದಿದವಳು. 1981ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಮರುವರ್ಷ ಮದುವೆಯಾದಳು. ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಕಬ್ಬಿಣದ ಕಪಾಟು ಹಳಬರಿಗೆ ನೆನಪಿರಬಹುದು. ಅದರಲ್ಲಿ ಪಠ್ಯದ ಗೈಡುಗಳ ಹಿಂದೆ ತ್ರಿವೇಣಿ, ಎಂ.ಕೆ. ಇಂದಿರಾ, ಕೃಷ್ಣಮೂರ್ತಿ ಪುರಾಣಿಕರ ಪುಸ್ತಕಗಳಿದ್ದವು. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಕನ್ನಡದ ಗುರುಗಳು ಒಬ್ಬರಿಗೆ ಒಂದರಂತೆ ಕೊಡುತ್ತಿದ್ದರಂತೆ. ಅವ್ವ ದನ ಮೇಯಿಸುತ್ತ, ಜೋಳದ ರೊಟ್ಟಿಯ ಹಂಚು ಕಾಯುವವರೆಗೆ ಒಲೆಯ ಮುಂದೆ ಕೂತು ಓದಿದ್ದಾಳೆ. ಅವಳ ಪ್ರಕಾರ ಆ ಪುಸ್ತಕಗಳಲ್ಲಿ ನಂಬಲಾಗದ ಸಂಗತಿ ಪ್ರೇಮವಲ್ಲ, ಕಾಫಿ. "ಮಾತ ಮಾತಿಗೆ ಕಾಫಿ ಕುಡೀತಾರಲ್ಲೋ! ನಮ್ಮೂರಾಗ ಆಗ ಕಾಫಿಪುಡಿ ಯಾವ ಅಂಗಡ್ಯಾಗ ಸಿಗತಿತ್ತು?"

ಹಳೆಯ ಪ್ರೇಮಕಾದಂಬರಿಯನ್ನು ಇಂದು ಓದಿದರೆ ಏನಾಗುತ್ತದೆ ಎಂದು ಕಳೆದ ಕೆಲವು ವರ್ಷಗಳಲ್ಲಿ ನಾನೇ ಪರೀಕ್ಷೆ ಮಾಡಿದ್ದೇನೆ. ಕಂಪನಿಯ ಬಸ್ಸಿನಲ್ಲಿ ದಿನಕ್ಕೆ ಎರಡು ತಾಸು ಸಿಗುತ್ತದೆ, ಬೆಂಗಳೂರಿನ ಟ್ರಾಫಿಕ್ಕಿನಿಂದ ಆದ ಏಕೈಕ ಉಪಕಾರವದು. ಕೆಲವು ನಿಲ್ಲುವುದಿಲ್ಲ, ಮುಚ್ಚುಮರೆ ಬೇಡ. ನಾಯಕ ಕೆನ್ನೆಗೆ ಹೊಡೆಯುತ್ತಾನೆ, ನಾಯಕಿ ಅದನ್ನೇ ಪ್ರೀತಿ ಎಂದು ತಿಳಿಯುತ್ತಾಳೆ. ಬಿಳಿ ಬಣ್ಣದವಳೇ ಚೆಲುವೆ. ಅತ್ತೆ ಎಷ್ಟು ಕಾಡಿದರೂ ಸೊಸೆ ತಾಳಿದರೆ ಕೊನೆಗೆ ಎಲ್ಲ ಸರಿಹೋಗುತ್ತದೆ. ಪುರಾಣಿಕರು ನಮ್ಮವರು, ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯವರು. ಅವರ 'ಕುಲವಧು' 1963ರಲ್ಲಿ ಸಿನಿಮಾ ಆಗಿ ನಾಡೆಲ್ಲ ನೋಡಿತು. ಅವರ ಮೇಲೆ ನನಗೆ ಅಭಿಮಾನವಿದೆ. ಆದರೂ 'ಕುಲವಧು' ಎಂಬ ಆ ಪದವನ್ನು ಇಂದು ನನ್ನ ತಂಗಿಯ ಮುಂದೆ ಹೇಳುವ ಧೈರ್ಯ ನನಗಿಲ್ಲ. ಇನ್ನು ಕೆಲವು ಕತೆಗಳು ಒಂದು ಕಾಗದ ತಡವಾಗಿ ತಲುಪಿದ್ದರಿಂದಲೇ ಮುನ್ನೂರು ಪುಟ ಓಡುತ್ತವೆ. ವಾಟ್ಸಾಪ್ ಇದ್ದಿದ್ದರೆ ಮೂವತ್ತನೇ ಪುಟಕ್ಕೆ ಲಗ್ನವಾಗಿಬಿಡುತ್ತಿತ್ತು.

ತ್ರಿವೇಣಿಯವರದು ಬೇರೆ. ಅವರ ನಿಜವಾದ ಹೆಸರು ಅನಸೂಯ. 1928ರಲ್ಲಿ ಹುಟ್ಟಿದರು, ಮೈಸೂರಿನಲ್ಲಿ ಮನಃಶಾಸ್ತ್ರ ಓದಿದರು, 1963ರಲ್ಲಿ ತೀರಿಕೊಂಡರು. ಇಪ್ಪತ್ತರಷ್ಟು ಕಾದಂಬರಿ ಬರೆದು ಮುಗಿಸಿದ ಅವರ ವಯಸ್ಸು, ಈಗ ನಿಮ್ಮ ಮುಂದೆ ನಿಂತಿರುವ ನನ್ನ ವಯಸ್ಸಿಗಿಂತ ಕಡಿಮೆ. 'ಶರಪಂಜರ'ದ ಕಾವೇರಿ ಬಾಣಂತಿತನದಲ್ಲಿ ಬುದ್ಧಿ ಕಲಕಿ ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಮಂದಿ ಮಾತ್ರ ಅವಳನ್ನು ಹುಚ್ಚಿಯೆಂದೇ ನೋಡುತ್ತಾರೆ. ನಮ್ಮ ಓಣಿಗಳಲ್ಲಿ ಇಂದಿಗೂ ಇಂಥ ಬಾಣಂತಿಗೆ "ಗಾಳಿ ಸೋಕೈತಿ" ಎಂದು ತಾಯಿತ ಕಟ್ಟಿಸುತ್ತಾರೆ, ಡಾಕ್ಟರ ಬಳಿ ಒಯ್ಯುವುದು ಆಮೇಲೆ. ಹಾಗಾದರೆ ಆ ಪುಸ್ತಕ ಹಳೆಯದಾಯಿತೆಂದು ಹೇಗೆ ಹೇಳಲಿ?

ನಾನು ಹೇಳಬೇಕೆಂದು ಬಂದದ್ದು 'ಬೆಳ್ಳಿಮೋಡ'ದ ಮಾತು. 1967ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದರಲ್ಲ, ಅದೇ. ಕಾಫಿ ತೋಟದ ಸಾಹುಕಾರರ ಒಬ್ಬಳೇ ಮಗಳು ಇಂದಿರಾ. ಅವಳಿಗೆ ಗೊತ್ತಾದ ವರ ಮೋಹನ, ಅವಳ ತಂದೆಯ ದುಡ್ಡಿನಲ್ಲೇ ಅಮೆರಿಕೆಗೆ ಓದಲು ಹೋಗುತ್ತಾನೆ. ಇತ್ತ ಆ ವಯಸ್ಸಾದ ದಂಪತಿಗೆ ಗಂಡು ಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನ ಸಂಬಂಧ ಬಿಟ್ಟುಬಿಡುತ್ತಾನೆ.

2018ರಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಬಬಲೇಶ್ವರದ ಕಡೆಯ ಒಂದು ಊರು, ಹೆಸರು ಬೇಡ. ಹುಡುಗಿ ಬಿ.ಎ. ಮುಗಿಸಿದ್ದಳು, ಬೆನ್ನಿಗೆ ಅಣ್ಣತಮ್ಮಂದಿರಿರಲಿಲ್ಲ. ಹತ್ತೆಕರೆ ಎರೆ ಹೊಲ, ಅದರಲ್ಲಿ ಎರಡೆಕರೆ ದ್ರಾಕ್ಷಿ. ತುಬಚಿ-ಬಬಲೇಶ್ವರ ಏತ ನೀರಾವರಿಯ ಮಾತು ಕಟ್ಟೆಕಟ್ಟೆಯ ಮೇಲೂ ನಡೆದಿದ್ದ ಕಾಲ. ನೀರು ಬಂದರೆ ಆ ಹೊಲದ ಬೆಲೆ ಏನಾದೀತೆಂದು ನಮ್ಮ ಮನೆಯ ಹಿರಿಯರು ಬೆರಳು ಮಡಚಿ ಎಣಿಸಿದ್ದನ್ನು ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ನಾನೂ ಎಣಿಸಿದ್ದೇನೆ. ಹುಡುಗಿಯೊಂದಿಗೆ ಎರಡು ಸಲ ಮಾತಾಡಿದ್ದೆ. ಚೆನ್ನಾಗಿ ಮಾತಾಡುವವಳು, ನನ್ನ ಇಂಗ್ಲಿಷ್ ಬೆರೆಸಿದ ಕನ್ನಡಕ್ಕೆ ನಕ್ಕಿದ್ದಳು.

ಎರಡು ತಿಂಗಳಿಗೆ ಸುದ್ದಿ ಬಂತು: ಹುಡುಗಿಯ ತಂದೆ ತಮ್ಮ ಅಣ್ಣನ ಮಗನನ್ನು ದತ್ತಕ ತೆಗೆದುಕೊಳ್ಳುತ್ತಾರಂತೆ. ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಏನೂ ಅನ್ನಲಿಲ್ಲ. ಒಂದು ವಾರದ ಮೇಲೆ "ಕುಂಡಲಿ ಕೂಡಲಿಲ್ಲ" ಎಂದು ಹೇಳಿಕಳಿಸಿದರು. ಕುಂಡಲಿ ಅದಕ್ಕೂ ಮೊದಲೇ ಕೂಡಿತ್ತು. ನಾನು ಬೆಂಗಳೂರಿನಲ್ಲಿದ್ದೆ, ಆ ವಾರ ಪ್ರಾಜೆಕ್ಟಿನ ರಿಲೀಸ್ ಇತ್ತು, ಸುಮ್ಮನಿದ್ದೆ.

ರಾತ್ರಿ ಅವ್ವ ಫೋನ್ ಮಾಡಿದಳು. "ನೀನೂ ಮೋಹನನ ಸಾಲಿಗೆ ನಿಂತ್ಯಲ್ಲೋ ತಮ್ಮಾ" ಎಂದಳು. ಯಾವ ಮೋಹನ ಎಂದು ಕೇಳಿದೆ. ಆಗ ಅವಳು ಕತೆ ಹೇಳಿದಳು, ಹೆಚ್ಚುಕಡಿಮೆ ಮುಕ್ಕಾಲು ತಾಸು, ಒಮ್ಮೆಯೂ ನನ್ನ ವಿಷಯ ಎತ್ತದೆ. ಮೋಹನ ಮುಂದೆ ಪೆಟ್ಟು ಬಿದ್ದು ಇಂದಿರಾಳ ಮನೆಯಲ್ಲೇ ಮಲಗುತ್ತಾನೆ, ಅವಳೇ ಆರೈಕೆ ಮಾಡುತ್ತಾಳೆ, ಅವನಿಗೆ ತಪ್ಪಿನ ಅರಿವಾಗುತ್ತದೆ. ಅಲ್ಲಿಗೆ ಬಂದು ನಿಲ್ಲಿಸಿದಳು. "ಮುಂದೇನಾತು?" ಎಂದೆ. "ಗೊತ್ತಿಲ್ಲಪಾ. ನಮ್ಮ ಸಾಲ್ಯಾಗಿನ ಪುಸ್ತಕದಾಗ ಕಡೀ ಹಾಳಿ ಹರಿದಿದ್ವು. ಲಗ್ನ ಆಗಿರಬೇಕು. ಹೆಣ್ಣಜೀವ, ಎಷ್ಟಂತ ಸಿಟ್ಟು ಹಿಡೀತೈತಿ?" ಮೂವತ್ತೇಳು ವರ್ಷ ಅವ್ವ ಆ ಕತೆಯನ್ನು ಹೀಗೆ ತಾನೇ ಮುಗಿಸಿಕೊಂಡಿದ್ದಳು.

ಮರುವಾರ ಪುಸ್ತಕ ಕೊಂಡು ಓದಿದೆ. ತ್ರಿವೇಣಿಯವರು ಮೋಹನನನ್ನು ರಾಕ್ಷಸನನ್ನಾಗಿ ಮಾಡಿಲ್ಲ, ನನಗೆ ಕಷ್ಟವಾದದ್ದು ಅಲ್ಲಿಯೇ. ಓದಿದ ಹುಡುಗ, ಮರ್ಯಾದಸ್ಥ, ಲೆಕ್ಕ ಬಲ್ಲವನು. ಹಿಂದೆ ಸರಿಯುವುದಕ್ಕೆ ಅವನ ಬಳಿ ಕಾರಣಗಳಿವೆ. ಅರವತ್ತು ವರ್ಷಕ್ಕೂ ಹಿಂದೆ ಕಾಫಿ ಸೀಮೆಯ ಮೇಲೆ ಬರೆದ ಕತೆಯಲ್ಲಿ ಕಾಫಿ ತೆಗೆದು ದ್ರಾಕ್ಷಿ ಇಟ್ಟರೆ, ಅಮೆರಿಕ ತೆಗೆದು ಬೆಂಗಳೂರಿಟ್ಟರೆ, ಬದಲಾಯಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಪುಸ್ತಕ ಮುಗಿಸಿದ ಮೇಲೆ ಮನೆಯಲ್ಲಿ ಜಗಳ ಮಾಡಿ, ನಾನೇ ಹುಡುಗಿಯ ತಂದೆಗೆ ಫೋನ್ ಹಚ್ಚಿದೆ. ಅವರು ಸಿಟ್ಟು ಮಾಡಲಿಲ್ಲ. "ಅಕಿ ಬಿ.ಎಡ್. ಮಾಡಾಕ ವಿಜಯಪುರಕ್ಕ ಹೊಂಟಾಳ್ರಿ. ಈ ಮನಿ ಮಾತ ಮತ್ತ ತಗೀಬ್ಯಾಡ್ರಿ ಅಂತ ಹೇಳ್ಯಾಳ" ಎಂದರು, ಊಟ ಆಯಿತೇ ಎಂದೂ ಕೇಳಿದರು. ಅವಳು 'ಬೆಳ್ಳಿಮೋಡ' ಓದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಆಮೇಲೆ ಬೇರೆ ಕಡೆ ಮದುವೆಯಾಯಿತು. ನನ್ನ ಹೆಂಡತಿ ಇಲ್ಲೇ ಕೂತಿದ್ದಾಳೆ, ಈ ಕತೆ ಅವಳಿಗೆ ಗೊತ್ತು, ಹೇಳಲು ಅವಳೇ ಒಪ್ಪಿದ್ದಾಳೆ.

ಆ ದೀಪಾವಳಿಗೆ ಊರಿಗೆ ಬಂದಾಗ ಪುಸ್ತಕ ತಂದಿದ್ದೆ. ಅವ್ವನ ಕಣ್ಣಿಗೆ ಆಗ ಪೊರೆ ಬಂದಿತ್ತು, ಆಪರೇಶನ್ ಆಗಿರಲಿಲ್ಲ. ಪಡಸಾಲೆಯಲ್ಲಿ ಕೂತು ಕೊನೆಯ ಪುಟಗಳನ್ನು ನಾನೇ ಓದಿ ಹೇಳಿದೆ. ಮೋಹನ ಬೇಡಿಕೊಳ್ಳುತ್ತಾನೆ, ಇಂದಿರಾ ಒಲ್ಲೆ ಎನ್ನುತ್ತಾಳೆ. ಸಿಟ್ಟಿನಿಂದ ಅಲ್ಲ, ಆರೈಕೆ ಮಾಡಿದ ಕೈಯಿಂದಲೇ, ಸಮಾಧಾನವಾಗಿ. ಅವ್ವ ಸ್ವಲ್ಪ ಹೊತ್ತು ಅಕ್ಕಿ ಆರಿಸುವ ಮೊರವನ್ನು ಹಾಗೇ ಹಿಡಿದು ಕೂತಳು.

"ಒಲ್ಲೆ ಅಂದ್ಲಾ?"

"ಹೂಂ, ಅಂದ್ಲು."

"ಚಲೋ ಮಾಡಿದ್ಲು. ನನಗ ಹಂಗ ಅನ್ನಬೌದು ಅಂತ ಹೊಳೀಲೇ ಇಲ್ಲ ನೋಡು" ಎಂದಳು.

ಮುಖ್ಯಗುರುಗಳೇ, ನಮ್ಮ ಬ್ಯಾಚಿನವರು ಶಾಲೆಗೆ ಎರಡು ಕಂಪ್ಯೂಟರ್ ಕೊಡುತ್ತಿದ್ದೇವೆ, ಅದರ ವಿವರ ನನ್ನ ಗೆಳೆಯರು ಹೇಳುತ್ತಾರೆ. ನಾನು ಬೇರೆಯಾಗಿ ನಲವತ್ತು ಕಾದಂಬರಿ ತಂದಿದ್ದೇನೆ, ಹೊರಗೆ ಕಾರಿನಲ್ಲಿವೆ. ಕೆನ್ನೆಗೆ ಹೊಡೆಯುವ ನಾಯಕರೂ ಅದರಲ್ಲಿದ್ದಾರೆ, ಮಕ್ಕಳು ಓದಿ ಬೈಯಲಿ. 'ಬೆಳ್ಳಿಮೋಡ' ಎರಡು ಪ್ರತಿ ಇವೆ. ಎರಡರಲ್ಲೂ ಕೊನೆಯ ಪುಟಗಳಿವೆ, ತೆಗೆದು ನೋಡಿಯೇ ತಂದಿದ್ದೇನೆ. ಕಪಾಟಿಗೆ ದಯವಿಟ್ಟು ಕೀಲಿ ಹಾಕಬೇಡಿ.