ಮಂಡಿಯೂರಿದವರು, ಊರದವರು



ನಮ್ಮ ಆದಿವಾಲದ ಹೆದ್ದಾರಿ ಬದಿಯಲ್ಲಿ ಗಾಡಿ ನಿಲ್ಲಿಸಿದವರು ಇಳಿದ ಕೂಡಲೇ ಹೇಳುವುದು 'ಎರಡು ಟೀ ಕೊಡಪ್ಪ' ಅಂತ. ಟೀ ಎಂಬುದು ಚೀನಾದ ಫುಜಿಯಾನ್ ಕರಾವಳಿಯವರ ಮಾತು. ಡಚ್ಚರ ಬಾಯಿಂದ ಇಂಗ್ಲಿಷರಿಗೆ, ಅವರಿಂದ ನಮಗೆ ಬಂತು. ಹಿರಿಯರು ಹೇಳುವ 'ಚಹಾ' ಕೂಡ ಚೀನೀ ಮೂಲದ್ದೇ. ಅದು ಬಂದ ದಾರಿ ಬೇರೆ. ಇಂಗ್ಲಿಷರು ಚೀನಾದ ಬಾಗಿಲು ತಟ್ಟಿದ ಕಥೆಯಲ್ಲಿ ನಮ್ಮ ಇಕ್ಕೇರಿ, ಭಟ್ಕಳ, ಮಂಗಳೂರು ಬರುತ್ತವೆ. ಚಿತ್ರದುರ್ಗದ ಕೋಟೆಯೂ ಬರುತ್ತದೆ.

1637ರ ಮಾತು. ಕ್ಯಾಪ್ಟನ್ ಜಾನ್ ವೆಡೆಲ್ ಎಂಬವನ ಹಡಗುಗಳು ಚೀನಾಕ್ಕೆ ಹೊರಟಿದ್ದವು. ದಾರಿಯಲ್ಲಿ ಅವು ಭಟ್ಕಳದಲ್ಲಿ ಲಂಗರು ಹಾಕಿದವು. ಅವರಿಗೆ ಕಾಳುಮೆಣಸು ಬೇಕಿತ್ತು, ಮೆಣಸಿನ ಸೀಮೆ ಇಕ್ಕೇರಿಯ ವೀರಭದ್ರ ನಾಯಕನ ಕೈಯಲ್ಲಿತ್ತು. ಘಟ್ಟ ಹತ್ತಿ ಇಕ್ಕೇರಿಗೆ ಹೋದವರಲ್ಲಿ ಪೀಟರ್ ಮಂಡಿ ಎಂಬ ವ್ಯಾಪಾರಿಯೂ ಇದ್ದ. ಹೆಸರೇ ಮಂಡಿ, ನಿಜವಾದ ಮಂಡಿಯ ಮಾತು ಮುಂದೆ ಬರುತ್ತದೆ. ಅರಸ ಭಟ್ಕಳದಲ್ಲಿ ವ್ಯಾಪಾರದ ಕೋಠಿ ಹಾಕಲು ಒಪ್ಪಿದ.

ಅದೇ ವರ್ಷ ಹಡಗುಗಳು ಚೀನಾದ ಮಕಾವು ಮುಟ್ಟಿದವು. ಅಲ್ಲಿ ಪೋರ್ಚುಗೀಸರು ಅಡ್ಡ ನಿಂತರು. ವೆಡೆಲ್ ನದಿಯಲ್ಲಿ ಮೇಲಕ್ಕೆ ನುಗ್ಗಿದಾಗ ಚೀನೀಯರ ಕೋಟೆಯಿಂದ ಗುಂಡು ಹಾರಿತು, ಇವನೂ ಫಿರಂಗಿ ಹಾರಿಸಿದ. ಕೊನೆಗೆ ಒಂದಿಷ್ಟು ಸರಕು ಹೊತ್ತು ಮರಳಬೇಕಾಯಿತು. ಆ ದಡದಲ್ಲಿ ಯಾರೋ ಮಂಡಿಗೆ ಒಂದು ಬಿಸಿ ಪಾನೀಯ ಕೊಟ್ಟರು. ಏನೋ ಸೊಪ್ಪು ಹಾಕಿ ಕುದಿಸಿದ ನೀರು, ಹೆಸರು 'ಚಾ' ಎಂದು ಆತ ಬರೆದಿಟ್ಟುಕೊಂಡ. ಅದೇ ಸೊಪ್ಪಿಗಾಗಿ ಮುಂದೆ ತನ್ನ ದೇಶದ ಬೆಳ್ಳಿಯೆಲ್ಲ ಹರಿದುಹೋದೀತೆಂದು ಆತನಿಗೆ ಹೊಳೆದಿರಲಾರದು.

ಇನ್ನು ಒಂದೂವರೆ ಶತಮಾನ ದಾಟೋಣ. 1783ರಲ್ಲಿ ಮೈಸೂರಿನ ಟಿಪ್ಪು ಇಂಗ್ಲಿಷರಿಂದ ಬಿದನೂರನ್ನು ಮರಳಿ ಗೆದ್ದಾಗ ಸೆರೆಸಿಕ್ಕ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಲ್ಲಿ ಹಲವರನ್ನು ಚಿತ್ರದುರ್ಗದ ಕೋಟೆಯಲ್ಲಿ ಇಟ್ಟಿದ್ದರು. ಅವರನ್ನು ಬಿಡಿಸಿಕೊಳ್ಳಲು, ಯುದ್ಧ ಮುಗಿಸಲು ಮದರಾಸಿನ ಗವರ್ನರ್ ಲಾರ್ಡ್ ಮೆಕಾರ್ಟ್ನಿ ಮೂವರು ರಾಯಭಾರಿಗಳನ್ನು ಮಂಗಳೂರಿಗೆ ಕಳಿಸಿದ. ಅವರಲ್ಲಿ ಒಬ್ಬ ಜಾರ್ಜ್ ಸ್ಟಾಂಟನ್. 1784ರ ಮಾರ್ಚ್ 11ರಂದು ಒಪ್ಪಂದಕ್ಕೆ ಸಹಿ ಬಿತ್ತು. ಗೆದ್ದ ಊರುಗಳನ್ನು ಎರಡೂ ಕಡೆಯವರು ಹಿಂದಿರುಗಿಸಬೇಕು, ಸೆರೆಯಾಳುಗಳನ್ನು ಬಿಡಬೇಕು. ಇಂಗ್ಲಿಷ್ ರಾಯಭಾರಿಗಳು ಟೋಪಿ ತೆಗೆದು, ಒಪ್ಪಂದದ ಕಾಗದ ಹಿಡಿದು ಎರಡು ತಾಸು ನಿಂತಿದ್ದರು ಎಂದು ಮೈಸೂರಿನ ಕಡೆಯವರು ಬರೆದರು. ತಮ್ಮ ಡೇರೆಯೆದುರು ನೇಣುಗಂಬ ನೆಟ್ಟಿದ್ದರು ಎಂಬುದು ಇಂಗ್ಲಿಷರ ಕಡೆಯ ದೂರು. ಯಾರು ಎಷ್ಟು ತಗ್ಗಿದರು ಎಂಬ ಲೆಕ್ಕ ಆಗಲೇ ಶುರುವಾಗಿತ್ತು. ಗವರ್ನರ್ ಜನರಲ್ ವಾರೆನ್ ಹೇಸ್ಟಿಂಗ್ಸ್‌ಗಂತೂ ಇದು ನಾಚಿಕೆಗೇಡಿನ ಸಂಧಿಯಾಗಿ ಕಂಡಿತು.

ಅದೇ 1784ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಟೀ ಮೇಲಿನ ಸುಂಕವನ್ನು ಶೇಕಡಾ 119ರಿಂದ ಹನ್ನೆರಡೂವರೆಗೆ ಇಳಿಸಿತು. ಮನೆಮನೆಯಲ್ಲೂ ಟೀ ಕುದಿಯತೊಡಗಿತು. ಟೀ ಸಿಗುತ್ತಿದ್ದುದು ಚೀನಾದಲ್ಲಿ, ಅದೂ ಕ್ಯಾಂಟನ್ ಎಂಬ ಒಂದೇ ಬಂದರಿನಲ್ಲಿ. ಬೆಲೆ ಬೆಳ್ಳಿಯಲ್ಲೇ ಕೊಡಬೇಕು. ಇನ್ನಷ್ಟು ಬಂದರು ತೆರೆಸಿಕೊಂಡು ಬರಲು 1792ರ ಸೆಪ್ಟೆಂಬರಿನಲ್ಲಿ ರಾಯಭಾರಿಯಾಗಿ ಹೊರಟವನು ಅದೇ ಮೆಕಾರ್ಟ್ನಿ. ಅವನ ಕಾರ್ಯದರ್ಶಿ, ಮಂಗಳೂರಿಗೆ ಹೋಗಿಬಂದಿದ್ದ ಅದೇ ಸ್ಟಾಂಟನ್.

ಗ್ರಹಗಳ ಚಲನೆ ತೋರಿಸುವ ಯಂತ್ರ, ಗೋಲಗಳು, ಸಾರೋಟು, ಫಿರಂಗಿ ಎಂದು ಕಾಣಿಕೆ ಹೇರಿಕೊಂಡು ಹೋದರು. ಅವನ್ನು ಸಾಗಿಸಿದ ದೋಣಿಗಳ ಬಾವುಟದಲ್ಲಿ ಚೀನೀಯರು 'ಇಂಗ್ಲೆಂಡಿನಿಂದ ಬಂದ ಕಪ್ಪ' ಎಂದು ಬರೆಸಿದರು. ಇನ್ನು ಮಂಡಿಯ ಮಾತು. ಚಕ್ರವರ್ತಿಯ ಮುಂದೆ ಮೂರು ಸಲ ಮಂಡಿಯೂರಿ, ಒಂಬತ್ತು ಸಲ ಹಣೆ ನೆಲಕ್ಕೆ ಮುಟ್ಟಿಸಬೇಕು. ಅದು ಅಲ್ಲಿಯ ರೀತಿ. ಮೆಕಾರ್ಟ್ನಿ ಒಪ್ಪಲಿಲ್ಲ, ನಮ್ಮ ರಾಜನಿಗೆ ಮಾಡುವಷ್ಟೇ ಮಾಡುತ್ತೇನೆಂದ. ವಾರಗಟ್ಟಲೆ ಚೌಕಾಸಿ ನಡೆಯಿತು. 1793ರ ಸೆಪ್ಟೆಂಬರ್ 14ರಂದು ಜೆಹೋಲ್ ಎಂಬಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಯೆದುರು ಒಂದು ಮಂಡಿ ಊರಿದ.

ಅಲ್ಲಿ ಮನಸ್ಸಿಗೆ ಹತ್ತಿರವಾಗುವ ಒಂದು ಗಳಿಗೆಯಿದೆ. ಇವರಲ್ಲಿ ಚೀನೀ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಮುದಿ ಚಕ್ರವರ್ತಿ ಕೇಳಿದ. ಮುಂದೆ ಬಂದವನು ಸ್ಟಾಂಟನ್ನನ ಹನ್ನೆರಡು ವರ್ಷದ ಮಗ. ಹಡಗಿನಲ್ಲಿ ಬರುತ್ತಾ ಕಲಿತಿದ್ದ ನಾಲ್ಕು ಮಾತು ಆಡಿದ. ಖುಷಿಯಾದ ಚಕ್ರವರ್ತಿ ತನ್ನ ಸೊಂಟದಲ್ಲಿದ್ದ ರೇಷ್ಮೆ ಸಂಚಿಯನ್ನೇ ಬಿಚ್ಚಿ ಹುಡುಗನ ಕೈಗಿಟ್ಟ.

ಇಂಗ್ಲಿಷರ ಬೇಡಿಕೆ ಮಾತ್ರ ಒಂದೂ ಈಡೇರಲಿಲ್ಲ. ನಿಮ್ಮ ಸಾಮಾನು ನಮಗೆ ಬೇಕಿಲ್ಲ ಎಂಬುದು ಮೂರನೇ ಜಾರ್ಜ್ ದೊರೆಗೆ ಹೋದ ಉತ್ತರದ ಸಾರಾಂಶ. ಹಣೆ ನೆಲಕ್ಕೆ ಮುಟ್ಟಿಸುವುದಿಲ್ಲವೆಂದು ಹಟ ಮಾಡಿದ್ದಕ್ಕೇ ಕೆಲಸ ಕೆಟ್ಟಿತೆಂದು ಹಲವರು ಹೇಳುತ್ತಾರೆ. ನಾನು ಒಪ್ಪಲಾರೆ. 1795ರಲ್ಲಿ ಡಚ್ ರಾಯಭಾರಿಗಳು ಹೇಳಿದಷ್ಟು ಸಲ ಹಣೆ ಮುಟ್ಟಿಸಿದರು. ಅವರೂ ಬರಿಗೈಯಲ್ಲೇ ಹೋದರು. ಇಕ್ಕೇರಿಯ ಅರಸನಿಗೆ ಮೆಣಸು ಮಾರಬೇಕಿತ್ತು, ಟಿಪ್ಪುವಿಗೂ ಯುದ್ಧ ನಿಲ್ಲಬೇಕಿತ್ತು. ಅದಕ್ಕೇ ಅಲ್ಲಿ ಮಾತು ಕೂಡಿಬಂತು. ಚಿಯೆನ್‌ಲುಂಗನಿಗೆ ಇವರಿಂದ ಏನೂ ಬೇಕಿರಲಿಲ್ಲ.

ಮಾತಿನಲ್ಲಿ ಸಿಗದ್ದನ್ನು ಇಂಗ್ಲಿಷರು ಮುಂದೆ ಫಿರಂಗಿಯಿಂದ ಪಡೆದರು. ಮಂಗಳೂರಿನ ಒಪ್ಪಂದವಾಗಿ ಹದಿನೈದು ವರ್ಷಕ್ಕೆ, 1799ರಲ್ಲಿ, ಶ್ರೀರಂಗಪಟ್ಟಣ ಬಿತ್ತು. ಚೀನಾದೊಡನೆ ನಡೆದ ಅಫೀಮಿನ ಯುದ್ಧ ಮುಗಿದು 1842ರಲ್ಲಿ ನಾನ್‌ಕಿಂಗ್ ಒಪ್ಪಂದವಾದಾಗ ಚೀನಾದ ಐದು ಬಂದರು ತೆರೆದವು, ಹಾಂಗ್‌ಕಾಂಗ್ ಕೈಬಿಟ್ಟುಹೋಯಿತು. ಆ ಸಲ ಮಂಡಿಯ ಬಗ್ಗೆ ಯಾರೂ ಚೌಕಾಸಿ ಮಾಡಲಿಲ್ಲ.