ಇಂಗ್ಲಿಷ್ ಶಬ್ದಸಂಪತ್ತಿನ ಗಳಿಕೆ



ಇಂಗ್ಲಿಷ್ ಭಾಷೆಯಲ್ಲಿ ಪ್ರೌಢಿಮೆಯನ್ನು ಬಯಸುವ ನಮ್ಮ ತರುಣರಲ್ಲಿ ಅನೇಕರು ನಿಘಂಟನ್ನೇ ಕಂಠಪಾಠಮಾಡಲು ಹೊರಡುತ್ತಾರೆ. ಅವರ ಶ್ರದ್ಧೆ ಮೆಚ್ಚತಕ್ಕದ್ದು. ದಾರಿ ಮಾತ್ರ ಬಲುದೂರದ್ದು. 1928ರಲ್ಲಿ ಮುಗಿದ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಶಬ್ದಗಳುಂಟು. ದಿನಕ್ಕೆ ಹತ್ತರಂತೆ ಕಲಿತರೂ ನೂರು ವರ್ಷ ಸಾಲದು. ಬಂಗಾಳದಲ್ಲಿ ಇಂಗ್ಲಿಷ್ ಶಿಕ್ಷಣಕ್ಕಾಗಿ ದುಡಿದ ಮೈಕೇಲ್ ವೆಸ್ಟ್ ಎಂಬ ವಿದ್ವಾಂಸರು 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಾದರೋ ಇರುವುವು ಸುಮಾರು 2000 ಪದಗಳು. ಸಾಮಾನ್ಯ ಬರವಣಿಗೆಯ ಬಹುಭಾಗವನ್ನು ಅವೇ ಆವರಿಸುತ್ತವೆ. ಮೊದಲು ಅವು ಕರಗತವಾಗಲಿ.

ಅನಂತರದ ಕಲಿಕೆಗೆ ನಮ್ಮ ಮನೆಯಲ್ಲಿಯೇ ಒಂದು ಬಂಡವಾಳವಿದೆ. ಕನ್ನಡಿಗರೆಲ್ಲರೂ ಬಲ್ಲ ದಂತ, ಅಗ್ನಿ, ಸರ್ಪ, ನವ ಎಂಬ ಸಂಸ್ಕೃತ ಶಬ್ದಗಳನ್ನು ನೆನೆಯಿರಿ. ಡೆಂಟಿಸ್ಟ್, ಇಗ್ನೈಟ್, ಸರ್ಪೆಂಟ್, ನಾವೆಲ್ಟಿ ಎಂಬ ಪದಗಳು ಇವುಗಳ ದಾಯಾದಿಗಳು. ಹಾಗೆಂದು ಇಂಗ್ಲಿಷರು ಇವನ್ನು ನಮ್ಮಿಂದ ಸಾಲ ತಂದರೆಂದು ಬೀಗಬೇಕಾಗಿಲ್ಲ; ಇವು ಅವರಿಗೆ ಲ್ಯಾಟಿನ್ ಮೂಲಕ ಬಂದವು. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ಮೂಲಪುರುಷ ಒಬ್ಬನೇ, ಅಷ್ಟೆ. ಧ್ವನಿಸಾಮ್ಯವೊಂದನ್ನೇ ನಂಬಿ ಸಿಕ್ಕಸಿಕ್ಕ ಪದಗಳಿಗೆ ಸಂಬಂಧ ಕಟ್ಟುವ ಪಂಡಿತರ ವಿನೋದ ನಮಗೆ ಬೇಡ.

ಧಾತುಜ್ಞಾನವನ್ನು ಅರೆಬರೆಯಾಗಿ ನೆಚ್ಚುವುದರಲ್ಲಿ ಅಪಾಯವೂ ಉಂಟು. ಇನ್‌ವಿಸಿಬಲ್ ಎಂದರೆ ಕಾಣದ್ದು, ಇನ್‌ಕರೆಕ್ಟ್ ಎಂದರೆ ಸರಿಯಲ್ಲದ್ದು. ಈ ಸೂತ್ರವನ್ನು ಕಲಿತವನು ಎಣ್ಣೆಯ ಡಬ್ಬಿಯ ಮೇಲೆ ಇನ್‌ಫ್ಲೇಮಬಲ್ ಎಂದಿರುವುದನ್ನು ಓದಿ, ಇದು ಉರಿಯದ ಪದಾರ್ಥವೆಂದು ತಿಳಿದು ಪಕ್ಕದಲ್ಲಿಯೇ ಬೆಂಕಿಕಡ್ಡಿ ಗೀರಿದರೆ ಗತಿಯೇನು? ಅಲ್ಲಿನ ‘ಇನ್’ ನಿಷೇಧಾರ್ಥದ್ದಲ್ಲ. ಆ ಪದಕ್ಕೆ ಸುಲಭವಾಗಿ ಹೊತ್ತಿಕೊಳ್ಳುವಂಥದು ಎಂದೇ ಅರ್ಥ. ಈ ಭ್ರಾಂತಿಯನ್ನು ತಪ್ಪಿಸುವುದಕ್ಕಾಗಿಯೇ ಎಚ್ಚರಿಕೆಯ ಫಲಕಗಳಲ್ಲಿ ಫ್ಲೇಮಬಲ್ ಎಂಬ ರೂಪವು ರೂಢಿಗೆ ಬಂದಿತು.

ಇನ್ನು, ಅರ್ಥ ತಿಳಿದ ಮಾತ್ರಕ್ಕೆ ಪದವು ನಮ್ಮದಾಗುವುದಿಲ್ಲ; ಅದರ ಒಡನಾಡಿಗಳೂ ತಿಳಿದಿರಬೇಕು. ನಾವು ಸೀರೆಯನ್ನು ಉಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಬಳೆಯನ್ನು ತೊಡುತ್ತೇವೆ, ಜೋಡನ್ನು ಮೆಟ್ಟುತ್ತೇವೆ. ಇಂಗ್ಲಿಷಿನವನಿಗೆ ಇವೆಲ್ಲಕ್ಕೂ ವೇರ್ ಎಂಬ ಒಂದೇ ಕ್ರಿಯಾಪದ ಸಾಕು. ಅವನು ಕನ್ನಡ ಕಲಿತು ಹೂವನ್ನು ಉಟ್ಟರೆ ನಾವು ನಗುವೆವಷ್ಟೆ! ಅವನ ಭಾಷೆಯಲ್ಲಿಯೂ ಇಂಥ ಕಟ್ಟುಗಳುಂಟು: ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಅದಲುಬದಲು ಮಾಡಿದರೆ ವ್ಯಾಕರಣ ಕೆಡದು, ಕಿವಿಗೆ ಮಾತ್ರ ಒಗ್ಗದು. ಬಿಡಿ ಪದಗಳ ಪಟ್ಟಿಯು ಇದನ್ನು ಕಲಿಸಲಾರದು.

ಆದುದರಿಂದ ಓದುವಾಗ ಹೊಸ ಪದವು ಎದುರಾದರೆ ಅದಿರುವ ವಾಕ್ಯವನ್ನೇ ಇಡಿಯಾಗಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಎರಡು ದಿನ ಕಳೆದ ಮೇಲೆ ಆ ಪದವನ್ನು ಬೆರಳಿನಿಂದ ಮುಚ್ಚಿ ವಾಕ್ಯವನ್ನು ಓದಿ ನೋಡಿರಿ. ಪದವು ತಾನಾಗಿ ನಾಲಗೆಗೆ ಬಂದರೆ ಮುಂದಕ್ಕೆ ಹೋಗಬಹುದು; ಬಾರದಿದ್ದರೆ ಮರುವಾರ ಮತ್ತೊಮ್ಮೆ ಆ ಪುಟವನ್ನು ತೆರೆಯಿರಿ.